ಬಲಗೈಯಲ್ಲಿದೆ

ನಾಣ್ಯ ಮತ್ತೆ ಬಿತ್ತು. ಬಿದ್ದದ್ದು ಬಚ್ಚಲಮನೆಯ ಕನ್ನಡಿಯ ಮುಂದೆ. ಬಿದ್ದ ಮೇಲಾದರೂ ಸುಮ್ಮನಿರಬಾರದೆ? ಒಂದು ಸುತ್ತು ಓಡಿ, ನೀರು ಹೋಗುವ ಜಾಲರಿಯ ಅಂಚಿಗೆ ಬಂದು, ಹೋಗಲೋ ಬೇಡವೋ ಎಂದು ತೂಗಾಡಿ, ಕೊನೆಗೆ ದೊಡ್ಡ ಮನಸ್ಸು ಮಾಡಿ ಈಚೆ ಕಡೆಗೆ ಮಗುಚಿಕೊಂಡಿತು. ಹದ್ದು ಮೇಷ್ಟ್ರು ಒದ್ದೆ ನೆಲಕ್ಕೆ ಮೊಣಕಾಲೂರಿ ಅದನ್ನು ಹೆಕ್ಕಿಕೊಳ್ಳುವಷ್ಟರಲ್ಲಿ ಅಡುಗೆಮನೆಯ ಮಿಕ್ಸಿ ನಿಂತಿತ್ತು.

“ಅಪ್ಪಾ, ಬಿದ್ರಾ?” ಮಗಳ ದನಿ.

“ನಾನು ಬೀಳ್ಲಿಲ್ಲ.”

“ಮತ್ತೇನು ಬಿತ್ತು?”

“ಸೋಪು.”

“ಸೋಪು ಠಣ್ ಅನ್ನುತ್ತಾ ಅಪ್ಪ?”

ಮೇಷ್ಟ್ರು ನಾಣ್ಯವನ್ನು ಟವೆಲಿಗೆ ಒರೆಸಿದರು. ಕೆಲಸದಲ್ಲಿದ್ದಷ್ಟು ಕಾಲ ಪರೀಕ್ಷೆಯ ಕೊಠಡಿಗಳಲ್ಲಿ ಮಕ್ಕಳು ಹೇಳಿದ ಸುಳ್ಳುಗಳನ್ನು ಕೇಳಿ, ಸುಳ್ಳಿಗಿಂತ ಹೆಚ್ಚಾಗಿ ಅದರ ಗುಣಮಟ್ಟಕ್ಕೆ ಮರುಗಿದವರು ಅವರು. ‘ಚೀಟಿ ಅಲ್ಲ ಸಾರ್, ಬಸ್ ಟಿಕೆಟ್ಟು’ ಎಂದ ಹುಡುಗನ ಟಿಕೆಟ್ಟಿನ ಹಿಂಬದಿಯಲ್ಲಿ ಪ್ರಪಂಚದ ನದಿಗಳೆಲ್ಲ ಹರಿಯುತ್ತಿದ್ದವು. ಆದರೂ ಆ ಸುಳ್ಳಿಗೊಂದು ಬೆನ್ನುಮೂಳೆ ಇತ್ತು, ಹುಡುಗ ಕೊನೇ ಪಕ್ಷ ಟಿಕೆಟ್ಟನ್ನು ಜೋಪಾನ ಮಾಡಿದ್ದ. ಸೋಪು! ಎದುರಿಗೆ ಆ ಸೋಪು ತನ್ನ ಪೆಟ್ಟಿಗೆಯಲ್ಲಿ ಒಣಗಿಕೊಂಡು ಕೂತಿತ್ತು, ಸಾಕ್ಷಿ ಹೇಳಲು ಕರೆದರೆ ಎದ್ದು ಬರುವಂತೆ. ಕನ್ನಡಿಯಲ್ಲಿದ್ದ ಮುದುಕನಿಗೆ ಮೇಷ್ಟ್ರು, ಅಭ್ಯಾಸಬಲದಿಂದ, ಮೆಲ್ಲಗೆ “ಎದ್ದು ನಿಲ್ಲು” ಎಂದರು. ಮುದುಕ ಮಂಡಿ ಹಿಡಿದುಕೊಂಡು ಎದ್ದ.

ಅವರು ಕಲಿಸುತ್ತಿದ್ದದ್ದು ಭೂಗೋಳ ಎಂಬುದು ಶಿಷ್ಯರಲ್ಲೇ ಅನೇಕರಿಗೆ ಮರೆತುಹೋಗಿತ್ತು. ನೆನಪಿನಲ್ಲಿ ಉಳಿದದ್ದು ಹದ್ದು. ಪರೀಕ್ಷೆಯ ದಿನ ಮೇಷ್ಟ್ರು ಕೊಠಡಿಯ ಮೂಲೆಯಲ್ಲಿ ಕೈಕಟ್ಟಿ ನಿಲ್ಲುತ್ತಿದ್ದರು. ನಿದ್ದೆ ಬಂದವರಂತೆ ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಉಳಿದ ಮೇಲ್ವಿಚಾರಕರು ಮಕ್ಕಳ ಮುಖ ನೋಡಿ ಮೋಸಹೋಗುತ್ತಿದ್ದರು. ಮೇಷ್ಟ್ರು ಮುಖದ ಗೋಜಿಗೇ ಹೋಗುತ್ತಿರಲಿಲ್ಲ, ಕೈಗಳನ್ನು ನೋಡುತ್ತಿದ್ದರು. ಬಚ್ಚಿಟ್ಟುಕೊಂಡ ಕೈ ತುಸು ಹೆಚ್ಚು ವಿನಯದಿಂದ ಇರುತ್ತದೆ, ಮತ್ತು ಬಚ್ಚಿಟ್ಟುಕೊಂಡವನ ಕಣ್ಣು ಒಂದಲ್ಲ ಒಂದು ಸಲ ಆ ಕೈಯ ಕ್ಷೇಮ ವಿಚಾರಿಸಿಕೊಂಡು ಬರುತ್ತದೆ. ಅಷ್ಟು ಸಾಕು. ಹೆಜ್ಜೆಯ ಸದ್ದಿಲ್ಲದೆ ಹೋಗಿ ಬೆಂಚಿನ ಪಕ್ಕ ನಿಂತು, “ಬಲಗೈ,” ಅನ್ನುತ್ತಿದ್ದರು. ಅಷ್ಟೇ. ‘ತೋರಿಸು’ ಕೂಡ ಇಲ್ಲ. ಈ ಮಿತಭಾಷೆಯ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆ ಇತ್ತು. ಬೇರೆ ಶಾಲೆಗಳವರೂ ಪರೀಕ್ಷೆ ಬಂದಾಗ ಅವರನ್ನು ಕರೆಸಿಕೊಳ್ಳುತ್ತಿದ್ದರು, ಇಲಿ ಹೆಚ್ಚಾದ ಮನೆಯವರು ಪಕ್ಕದ ಮನೆಯ ಬೆಕ್ಕನ್ನು ಕೇಳಿ ತರುವಂತೆ.

ಇಂಥವರಿಗೆ ಈಗ ಒಂದು ನಾಣ್ಯವನ್ನು ಅಂಗೈಯಲ್ಲಿ ಬಚ್ಚಿಡಲು ಬರುತ್ತಿರಲಿಲ್ಲ. ಗುರು ಫೋನಿನೊಳಗಿದ್ದ. ಗಡ್ಡ ಬಿಟ್ಟ, ತೋಳಿಲ್ಲದ ಬನಿಯನ್ನು ಹಾಕಿದ ಒಬ್ಬ ತರುಣ. ತನ್ನ ತೋಳಿನಲ್ಲಿ ಏನನ್ನೂ ಅಡಗಿಸಿಲ್ಲ ಎಂದು ತೋರಿಸಲು ಈ ಉಡುಪಂತೆ. ಹೊಸಬರಿಗಾಗಿ ಅವನು ಪಾಠಗಳನ್ನು ಹಾಕಿದ್ದ. ಮೊದಲನೆಯದು: ಹೆಬ್ಬೆರಳಿನ ಬುಡದ ದಿಂಡಿಗೂ ಕಿರುಬೆರಳಿನ ಬುಡದ ದಿಂಡಿಗೂ ನಡುವೆ ನಾಣ್ಯವನ್ನು ಇಟ್ಟು, ಅಂಗೈಯನ್ನು ತುಸುವೇ ಬಿಗಿಮಾಡಿ, ಕೈ ಮಗುಚಿ. ಬೆರಳುಗಳು ಸಡಿಲವಾಗಿರಲಿ. ಈಗ ಆ ಕೈಯಲ್ಲೇ ನಿಮ್ಮ ಕೆಲಸಗಳನ್ನು ಮಾಡಿಕೊಂಡಿರಿ, ಬಾಗಿಲು ತೆರೆಯಿರಿ, ಟೀ ಕುಡಿಯಿರಿ, ಕಿವಿ ತುರಿಸಿಕೊಳ್ಳಿ. ಕೈಗೆ ತನ್ನೊಳಗೆ ನಾಣ್ಯವಿರುವುದು ಮರೆತುಹೋಗಬೇಕು. ಎರಡನೆಯದು: ನಾಣ್ಯವನ್ನು ಬಲಗೈಯಿಂದ ಎಡಗೈಗೆ ಕೊಟ್ಟಂತೆ ಮಾಡಿ, ಕೊಡದಿರಿ. ಎಡಗೈ ಮುಷ್ಟಿ ಕಟ್ಟಲಿ, ನಿಮ್ಮ ಕಣ್ಣು ಎಡಗೈಯ ಜೊತೆ ಹೋಗಲಿ. ನೀವು ಎಲ್ಲಿ ನೋಡುತ್ತೀರೋ ಜನ ಅಲ್ಲೇ ನೋಡುತ್ತಾರೆ. ಖಾಲಿ ಕೈಯನ್ನು ನಂಬಿ!

ಮೇಷ್ಟ್ರು ಎಲ್ಲವನ್ನೂ ನಂಬಬಲ್ಲವರಾಗಿದ್ದರು, ಖಾಲಿ ಕೈಯೊಂದನ್ನು ಬಿಟ್ಟು. ಎಡಗೈ ಮುಷ್ಟಿ ಕಟ್ಟಿ ಮೇಲೇಳುತ್ತಿದ್ದಂತೆ ಅವರ ಕಣ್ಣು ತಾನೇ ತಾನಾಗಿ ಬಲಗೈಗೆ ಹೋಗಿ ಕೂರುತ್ತಿತ್ತು. ಮನಸ್ಸಿಗೆ ಎಷ್ಟು ಹೇಳಿದರೂ ಕಣ್ಣು ಕೇಳುತ್ತಿರಲಿಲ್ಲ. ಅದಕ್ಕೆ ಒಂದು ಜೀವಮಾನದ ಸೇವಾನುಭವ. ಕನ್ನಡಿಯ ಮುಂದೆ ಒಬ್ಬನೇ ಮುದುಕ ತಾನೇ ಕದ್ದು, ತಾನೇ ಹಿಡಿದು, ತಾನೇ ತಲೆತಗ್ಗಿಸುತ್ತಿದ್ದ. ಹೋದ ವಾರ ಕಣ್ಣಿಗೆ ಬುದ್ಧಿ ಬರಲೆಂದು ಕನ್ನಡಿಯ ಎಡಭಾಗಕ್ಕೊಂದು ಹಣೆಬೊಟ್ಟು ಅಂಟಿಸಿ ಅದನ್ನೇ ನೋಡುತ್ತ ಮಾಡಿದರು. ಬೊಟ್ಟು ಹೆಂಡತಿಯದು. ಆ ದಿನ ಅಭ್ಯಾಸ ಅಲ್ಲಿಗೇ ನಿಂತಿತು.

ನಾಣ್ಯವೂ ಅವಳದೇ. ಹೊಲಿಗೆ ಸಾಮಾನಿನ ಜೊತೆಗಿದ್ದ ಗುಂಡಿಗಳ ಡಬ್ಬಿಯಲ್ಲಿ ಸಿಕ್ಕಿದ್ದು. ಚಲಾವಣೆ ನಿಂತುಹೋದ ಹಳೆಯ ದೊಡ್ಡ ನಾಣ್ಯ, ಸುತ್ತ ಅಂಚಿನ ಗೀರುಗಳೆಲ್ಲ ಸವೆದು ನುಣ್ಣಗೆ ಗುಂಡಿಗಳ ನಡುವೆ ಗುಂಡಿಯಾಗಿ ಬಿದ್ದಿತ್ತು. ಗಡ್ಡದವನು ಸವೆದ ನಾಣ್ಯ ಹೊಸಬರಿಗೆ ಬೇಡ, ಅಂಚು ಗರಗಸದಂತಿದ್ದರೆ ಅಂಗೈ ಹಿಡಿಯುತ್ತದೆ ಎಂದು ಸ್ಪಷ್ಟವಾಗಿ ಹೇಳಿದ್ದ. ಮೇಷ್ಟ್ರು ಭೂಪಟವನ್ನು ಬಿಟ್ಟು ಬೇರೆ ಯಾರ ಮಾತನ್ನೂ ಪೂರ್ತಿ ಕೇಳಿದವರಲ್ಲ. ಬಟ್ಟೆಗೆ ಗುರುತು ಹಾಕಲು ಇಟ್ಟುಕೊಂಡಿದ್ದಳೇನೋ ಎಂದುಕೊಂಡು ಇದನ್ನೇ ಆರಿಸಿಕೊಂಡರು. ಅಂದಿನಿಂದ ಅದು ಮನೆಯ ಒಂದೊಂದು ಕೋಣೆಯಲ್ಲೂ ಬಿದ್ದು ತನ್ನ ಇರವನ್ನು ಸಾರಿತು.

ಇವತ್ತು ಮಧ್ಯಾಹ್ನ ಊಟಕ್ಕೆ ಭಾವಮೈದ ಬರುವವನಿದ್ದ. ಹೆಂಡತಿಯ ಒಬ್ಬನೇ ತಮ್ಮ. ಊರಿನ ಇನ್ನೊಂದು ತುದಿಯಲ್ಲಿ ಅವನಿಗೊಂದು ಕನ್ನಡಕದ ಅಂಗಡಿ. ತಲೆಗೂದಲಿಗೆ ಹಚ್ಚಿದ ಕಪ್ಪು ಕಿವಿಯ ಮೇಲಕ್ಕೂ ಒಂದಿಷ್ಟು ಬಂದಿರುತ್ತಿತ್ತು. ಗಿರಾಕಿಗಳ ಮಕ್ಕಳು ಕಣ್ಣು ತೋರಿಸಲು ಹೆದರಿದರೆ ಅವರ ಕಿವಿಯಿಂದ ನಾಣ್ಯ ತೆಗೆದು ಕೊಡುವುದು, ಮದುವೆಮನೆಗಳಲ್ಲಿ ಹೆಂಗಸರ ನಡುವೆ ಕೂತು ನಾಣ್ಯ ಮಾಯಮಾಡುವುದು ಅವನ ಕಸುಬಿಗಿಂತ ಹೆಚ್ಚಿನ ಕಸುಬು. ಅಕ್ಕನ ಮುಂದಂತೂ ಕೂತಾಗಲೆಲ್ಲ ಒಂದು ಆಗಲೇಬೇಕು. ನೋಡಿದ್ದನ್ನೇ ನೋಡಿ ಅವಳು ಪ್ರತಿ ಸಲವೂ ಹೊಸದಾಗಿ ನಗುತ್ತಿದ್ದಳು. ಮೇಷ್ಟ್ರು ಪತ್ರಿಕೆಯಿಂದ ತಲೆಯೆತ್ತದೆ, “ಬಲಗೈಯಲ್ಲಿದೆ,” ಅನ್ನುತ್ತಿದ್ದರು. ಒಂದು ಸಲವೂ ತಪ್ಪಿದ್ದಿಲ್ಲ. ಅವಳು ಸಾಯುವುದಕ್ಕೆ ಕೆಲವು ದಿನ ಮೊದಲು ಆಸ್ಪತ್ರೆಯಲ್ಲೂ ತಪ್ಪಲಿಲ್ಲ.

ಅದು ಹೀಗಾಯಿತು, ಹೀಗೇ ಆಯಿತು, ಎಷ್ಟು ಸಲ ನೆನೆದರೂ ಬೇರೆ ಥರ ಆಗುವುದಿಲ್ಲ. ಹಿಡಿಕೆ ತಿರುಗಿಸಿ ಹಾಸಿಗೆಯ ತಲೆಭಾಗವನ್ನು ಎತ್ತರಿಸಿದ್ದರು. ಭಾವಮೈದ ಸ್ಟೂಲಿನ ಮೇಲೆ ಕೂತು ಅಂಗಿಯ ತೋಳು ಮಡಿಸಿದ. ಅವಳು ಒಂದೂವರೆ ತಿಂಗಳಿಂದ ನಕ್ಕಿರಲಿಲ್ಲ. ಎಡಗೈ ಬಿಚ್ಚಿ ಖಾಲಿ ತೋರಿಸಿದಾಗ ಅವಳಿಂದ ಒಂದು ಸದ್ದು ಬಂತು, ಮೊದಲು ಕೆಮ್ಮೇನೋ ಎಂದುಕೊಂಡರು, ಅಲ್ಲ, ನಗು, ಹೊಟ್ಟೆಗೆ ಕೈ ಒತ್ತಿ ಹಿಡಿದುಕೊಂಡು ನೋವಿನ ಜೊತೆ ಜಗಳವಾಡುತ್ತ ನಗುತ್ತಿದ್ದಳು. ಪಕ್ಕದ ಹಾಸಿಗೆಯವಳೂ, ಬಾಗಿಲ ಬಳಿಯಿದ್ದ ಮಗಳೂ ಅಳಿಯನೂ ತಿರುಗಿ ನೋಡಿದರು. ಕಾಲ ಬಳಿ ಫ್ಲಾಸ್ಕು ಹಿಡಿದು ನಿಂತಿದ್ದ ಮೇಷ್ಟ್ರು ಹೇಳಿದರು. ಎರಡು ತಿಂಗಳ ನಿದ್ದೆಗೆಟ್ಟ ಬಾಯಿ, ಅದಕ್ಕೆ ತಾನೇನು ಹೇಳುತ್ತಿದ್ದೇನೆಂದು ಗೊತ್ತಿತ್ತೋ ಇಲ್ಲವೋ, ಆದರೂ ಉತ್ತರ ಸರಿಯಾಗಿಯೇ ಇತ್ತು. “ಬಲಗೈಯಲ್ಲಿದೆ.” ಅವಳು ನಗು ನಿಲ್ಲಿಸಿದಳು. ಸಿಟ್ಟಿನಿಂದಲ್ಲ, ದಣಿದು ಹೇಳಿದಳು: “ಗೊತ್ತಿದ್ರೂ ಸುಮ್ನಿರಕ್ಕಾಗಲ್ವಾ ನಿಮಗೆ?” ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಭಾವಮೈದ ನಾಣ್ಯವನ್ನು ಜೇಬಿಗೆ ಹಾಕಿಕೊಂಡು, ಭಾವನ ಮುಖ ನೋಡದೆ, ಫ್ಲಾಸ್ಕನ್ನು ತಾನು ಇಸಿದುಕೊಂಡು ನೀರು ತರಲು ಹೋದ. ಮತ್ತೆ ಅವಳು ನಗಲಿಲ್ಲ. ಎಲ್ಲ ಮುಗಿದ ಮೇಲೆ ಅವನು ಈ ಮನೆಗೆ ಬಂದಿರಲಿಲ್ಲ. ಮಗಳು ಕರೆದಾಗಲೆಲ್ಲ ಅಂಗಡಿಯಲ್ಲಿ ಜನ ಅನ್ನುತ್ತಿದ್ದ. ಇಡೀ ಊರಿನ ಕಣ್ಣು ಒಟ್ಟಿಗೇ ಕೆಟ್ಟಂತಿತ್ತು.

ಕ್ಷಮೆ ಕೇಳುವುದು ಮೇಷ್ಟ್ರ ಪಠ್ಯದಲ್ಲಿರಲಿಲ್ಲ. ‘ತಪ್ಪಾಯಿತು’ ಎಂಬ ಮಾತನ್ನು ಅವರು ಸಾವಿರಾರು ಮಕ್ಕಳ ಬಾಯಿಂದ ಕೇಳಿ ಕೇಳಿ ಅದರ ಬೆಲೆಯನ್ನು ತಾವೇ ಇಳಿಸಿಬಿಟ್ಟಿದ್ದರು. ಈಗ ತಮ್ಮ ಬಾಯಿಗೆ ಬೇಕಾದಾಗ ಅದು ಸವಕಲಾಗಿತ್ತು. ಮಾತಿನಿಂದ ಆಗದ್ದನ್ನು ನಾಣ್ಯದಿಂದ ಮಾಡೋಣ ಅನ್ನಿಸಿತು. ಅವನ ಮುಂದೆ ಕೂತು, ಅವನದೇ ಆಟವನ್ನು ಅವನಿಗೇ ಆಡಿ ತೋರಿಸಿದರೆ, ನಾನೂ ಇದನ್ನು ಕಲಿತೆ, ಇದು ಎಷ್ಟು ಕಷ್ಟವೆಂದು ಗೊತ್ತಾಯಿತು ಎಂದು ಹೇಳಿದಂತಾಗುತ್ತದೆ. ಇದು ಒಳ್ಳೆಯ ಮನಸ್ಸಿನ ಮಾತು. ಇದರ ಕೆಳಗೆ ಇನ್ನೊಂದಿತ್ತು: ಒಂದು ಸಲ, ಒಂದೇ ಒಂದು ಸಲ, ಆ ಕನ್ನಡಕದವನ ಕಣ್ಣಿಗೆ ಮಣ್ಣೆರಚಬೇಕು. ಹೆಂಡತಿಯ ಕೊನೆಯ ನಗು ಅವನ ಪಾಲಿಗೆ ಹೋದದ್ದು ಮೇಷ್ಟ್ರಿಗೆ ಎದೆಯಲ್ಲಿ ಮುಳ್ಳಾಗಿತ್ತು. ಸತ್ತವಳ ನಗುವಿಗೆ ಹೊಟ್ಟೆಕಿಚ್ಚು ಪಡುವವರು ಬೇರೆ ಯಾರಾದರೂ ಇದ್ದಾರೋ ಇಲ್ಲವೋ, ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಿದ್ದರೆ ಮೇಷ್ಟ್ರು ಉತ್ತರ ಬರೆಯದೆ ಬಿಡುತ್ತಿದ್ದರು.

ಸ್ನಾನ ಮುಗಿಸಿ ಪ್ರಾರ್ಥನೆಗೆ ಕೂತರು. ಚಿಕ್ಕಂದಿನಿಂದ ಒಂದು ದಿನವೂ ಬಿಡದ ಪ್ರಾರ್ಥನೆ. ಕಣ್ಣು ಮುಚ್ಚಿ ಕೈ ಜೋಡಿಸಿದಾಗ ಎರಡು ಅಂಗೈಗಳ ನಡುವೆ ನಾಣ್ಯ ತಣ್ಣಗೆ ತಾಗಿತು. ಇಳಿಸಿಡಲು ಮರೆತಿದ್ದರು, ಅಥವಾ ಮರೆತಂತೆ ಮಾಡಿದ್ದರು. ಈಚೆಗೆ ಎರಡರ ನಡುವಿನ ಗಡಿ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ತೆಗೆದಿಡೋಣವೆಂದರೆ ದೇವರ ಮುಂದೆ ಕೈ ಬಿಚ್ಚಿ ತೋರಿಸಿದಂತೆ. ಇಟ್ಟುಕೊಂಡಿರೋಣವೆಂದರೆ ಅದು ಕಳ್ಳತನ. ಸಕಲ ಮೇಲ್ವಿಚಾರಕರ ಮೇಲ್ವಿಚಾರಕ ಯಾವ ಮೂಲೆಯಲ್ಲಿ ಕೈಕಟ್ಟಿ, ಅರೆಗಣ್ಣಿನಲ್ಲಿ ನಿಂತಿದ್ದಾನೋ. ಬಲಗೈ, ಎಂದು ಅವನು ಹೇಳುವುದನ್ನು ಕಾದರು. ಏನೂ ಕೇಳಿಸಲಿಲ್ಲ. ಎಲ್ಲವನ್ನೂ ಕಂಡೂ ಸುಮ್ಮನಿರುವುದು ಅವನಿಗೆ ಹೇಗೆ ಸಾಧ್ಯವಾಯಿತೋ, ಮೇಷ್ಟ್ರಿಗಿಂತ ಅವನ ಸೇವಾವಧಿ ದೊಡ್ಡದು.

“ನಿಮ್ಮಪ್ಪ ಅಲ್ಲಿ ಕೂತೇ ನಿದ್ದೆ ಮಾಡ್ತಿದಾರೆ,” ಅಳಿಯನ ಪಿಸುಮಾತು ಬಾಗಿಲಾಚೆಯಿಂದ ಬಂತು. ಅಳಿಯ ಪಿಸುಗುಟ್ಟಿದರೆ ಕೆಳಗಿನ ಮಹಡಿಗೂ ಕೇಳುತ್ತಿತ್ತು.

“ನಿದ್ದೆ ಅಲ್ರೀ, ಪ್ರಾರ್ಥನೆ.”

“ಇಷ್ಟು ಹೊತ್ತು? ಡಾಕ್ಟರು ಹೇಳಿದ್ದು ನೆನಪಿದೆ ತಾನೆ? ಗಮನಿಸ್ತಾ ಇರಿ ಅಂತ.”

“ಸುಮ್ನಿರಿ, ಕೇಳಿಸುತ್ತೆ.”

ಡಾಕ್ಟರ ಸಂಗತಿ ಇನ್ನೂ ಹಸಿಯಾಗಿತ್ತು. ಬಲಗೈಯನ್ನು ಸದಾ ಜೇಬಿನಲ್ಲಿ ಇಟ್ಟುಕೊಳ್ಳುವುದು, ಊಟದ ನಡುವೆ ತನ್ನ ಕೈಯನ್ನೇ ದಿಟ್ಟಿಸುವುದು, ಕನ್ನಡಿಗೆ ‘ಎದ್ದು ನಿಲ್ಲು’ ಅನ್ನುವುದು, ಇವನ್ನೆಲ್ಲ ಕೂಡಿಸಿ ಮಗಳು ಮತ್ತು ಅಳಿಯ ಒಂದು ಮೊತ್ತಕ್ಕೆ ಬಂದಿದ್ದರು. ನರರೋಗದ ಡಾಕ್ಟರು ಮೇಷ್ಟ್ರ ಕಡೆ ನೋಡದೆ ಅಳಿಯನನ್ನು, “ಇವರಿಗೆ ಊಟ ತಿಂಡಿ ತಾವೇ ಮಾಡ್ಕೊಳಕ್ಕಾಗುತ್ತಾ?” ಎಂದು ಕೇಳಿದರು. ಭೂಮಿಯ ಅಕ್ಷಾಂಶ ರೇಖಾಂಶಗಳನ್ನೆಲ್ಲ ಬಾಯಿಪಾಠ ಹೇಳಬಲ್ಲ ಮನುಷ್ಯ ಮಗ್ಗುಲಲ್ಲೇ ಕೂತಿದ್ದ. ಆಮೇಲೆ ಎರಡೂ ಕೈ ಮುಂದೆ ಚಾಚಿ ಎಂದರು. ಮೇಷ್ಟ್ರು ಚಾಚಿದರು. ಬಲ ಅಂಗೈಯೊಳಗೆ ನಾಣ್ಯವಿತ್ತು. ಬಸ್ಸಿನಲ್ಲಿ ಅಭ್ಯಾಸ ಮಾಡುತ್ತ ಬಂದವರು ಇಳಿಸುವುದನ್ನು ಮರೆತಿದ್ದರು. ಡಾಕ್ಟರು ಬಗ್ಗಿ ನೋಡಿದರು, ಬೆರಳುಗಳನ್ನು ಮುಟ್ಟಿದರು, ಏನೂ ಕಾಣಲಿಲ್ಲ. ಹಿಡಿತ ನಿಂತಿತ್ತು! ಇಷ್ಟು ದಿನದಲ್ಲಿ ಮೊದಲ ಸಲ, ಅದೂ ಓದಿದವರ ಮುಂದೆ, ಅಷ್ಟು ಹತ್ತಿರದಲ್ಲಿ. ಮೇಷ್ಟ್ರ ಮುಖದಲ್ಲಿ ಒಂದು ಮುಗುಳ್ನಗೆ ಹರಡಿತು. ಡಾಕ್ಟರು ಅದನ್ನು ಗಮನಿಸಿ ಏನೋ ಬರೆದುಕೊಂಡರು. “ಈಗ ಅಂಗೈ ಮೇಲೆ ಮಾಡಿ.” ಮಗುಚುವಷ್ಟರಲ್ಲಿ ಹಿಡಿತ ತಪ್ಪಿ ನಾಣ್ಯ ಮೇಜಿನ ಗಾಜಿನ ಮೇಲೆ ಬಿದ್ದು ಕುಣಿಯಿತು. ಮನೆಗೆ ಬಂದ ಮೇಲೆ ಅಳಿಯ ಚೀಟಿ ಓದಿ ಹೇಳಿದ: ‘ವಸ್ತುಗಳನ್ನು ಬಚ್ಚಿಡುವ ಪ್ರವೃತ್ತಿ, ಕಾರಣವಿಲ್ಲದೆ ನಗು.’ ಚೀಟಿಯಿಂದ ಸಿಕ್ಕಿಬೀಳುವ ಸರದಿ ಮೇಷ್ಟ್ರದಾಗಿತ್ತು.

ಪ್ರಾರ್ಥನೆ ಮುಗಿದ ಮೇಲೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಕೆಳಗೆ ಬೀದಿಯಲ್ಲಿ ಒಬ್ಬ ಹೆಂಗಸು ಬೀಗದ ಕೈಗಾಗಿ ಚೀಲವನ್ನೆಲ್ಲ ತಡಕುತ್ತಿದ್ದಳು, ಅದು ಅವಳ ಇನ್ನೊಂದು ಕೈಯಲ್ಲೇ ಇತ್ತು. ಮೂರನೇ ಮಹಡಿಯಿಂದ ಮೇಷ್ಟ್ರಿಗೆ ಕಂಡಿತು. ಕೂಗಿ ಹೇಳೋಣವೆಂದು ಬಾಯಿ ತೆರೆದು ಮುಚ್ಚಿದರು. ಎಷ್ಟು ದೊಡ್ಡ ಸುಧಾರಣೆ! ಹಿಂದೊಂದು ಸಲ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಇಡೀ ಪರೀಕ್ಷೆಯುದ್ದಕ್ಕೂ ಎಡಗೈ ಮುಷ್ಟಿ ಬಿಚ್ಚಿರಲಿಲ್ಲ. ಪಕ್ಕದಲ್ಲಿ ನಿಂತು “ಎಡಗೈ,” ಎಂದರು. ಅವಳು ಬಿಚ್ಚಲಿಲ್ಲ. ಇಡೀ ಕೊಠಡಿ ಪೆನ್ನು ಕೆಳಗಿಟ್ಟಿತು. ಒಂದೊಂದೇ ಬೆರಳನ್ನು ಬಿಡಿಸಿದರು. ಒಳಗೆ ಏನೂ ಇರಲಿಲ್ಲ, ಉಗುರು ಒತ್ತಿದ ನಾಲ್ಕು ಕೆಂಪು ಗುರುತು, ಬೆವರು. ಹೆದರಿಕೆಗೆ ಹಿಡಿದುಕೊಳ್ಳಲು ಬೇರೇನೂ ಸಿಗದೆ ತನ್ನ ಕೈಯನ್ನೇ ಹಿಡಿದುಕೊಂಡಿದ್ದಳು. ಮೇಷ್ಟ್ರು ಏನಂದರು? “ಬರಿ,” ಎಂದರು. ಮನೆಗೆ ಬಂದು ಇದನ್ನು ಹೆಂಡತಿಗೆ ಹೇಳಿರಲಿಲ್ಲ. ಉಳಿದದ್ದನ್ನೆಲ್ಲ ಹೇಳುತ್ತಿದ್ದರು. ಹೇಳದೆ ಬಿಡಲು ಅವಳು ಬಿಡುತ್ತಿರಲಿಲ್ಲ. ಚಪ್ಪಲಿ ಕಳಚುವ ಮೊದಲೇ ಅವಳ ಪ್ರಶ್ನೆ ಬರುತ್ತಿತ್ತು: “ಇವತ್ತು ಯಾರನ್ನ ಹಿಡಿದ್ರಿ?”

ಗಡ್ಡದವನ ಮೂರನೇ ಪಾಠದಲ್ಲಿ ಆ ಪ್ರಶ್ನೆ ಇತ್ತು. ಅದೇ ಪ್ರಶ್ನೆಯಲ್ಲ, ಪ್ರಶ್ನೆಯ ಕೆಲಸ. ನಾಣ್ಯವನ್ನು ಅಡಗಿಸುವ ಆ ಒಂದು ಕ್ಷಣದಲ್ಲಿ ಎದುರಿಗಿದ್ದವರ ಮುಖವನ್ನು ನೇರವಾಗಿ ನೋಡಿ ಏನಾದರೂ ಕೇಳಿ, ಎಂದಿದ್ದ. ಅವರಿಗೆ ಇಷ್ಟವಾದದ್ದನ್ನೇ ಕೇಳಿ. ಪ್ರಶ್ನೆ ಕೇಳಿದವರ ಮುಖ ನೋಡದೆ ಯಾರೂ ಉತ್ತರ ಕೊಡುವುದಿಲ್ಲ. ಅಷ್ಟರಲ್ಲಿ ನಿಮ್ಮ ಕೈ ತನ್ನ ಕೆಲಸ ಮುಗಿಸಿರುತ್ತದೆ.

ಮೇಷ್ಟ್ರು ಆ ಪಾಠವನ್ನು ಅಲ್ಲಿಗೇ ನಿಲ್ಲಿಸಿ ಫೋನನ್ನು ದಿಂಬಿನ ಕೆಳಗಿಟ್ಟಿದ್ದರು. ನೆನಪಾದದ್ದು ನಿವೃತ್ತಿಗೆ ಮುಂಚಿನ ಕೊನೆಯ ಪರೀಕ್ಷೆಗಳ ಕಾಲ. ಅಡುಗೆಮನೆಯ ಬಾಗಿಲಿಗೆ ಬಂದರೆ ಅವಳು ಕಟ್ಟೆಗೆ ಒರಗಿ, ಎಡಗೈಯನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿರುತ್ತಿದ್ದಳು. ಇವರ ಸದ್ದು ಕೇಳಿದ ಕೂಡಲೇ ಆ ಕೈ ಪಾತ್ರೆಯೊಂದನ್ನು ಎತ್ತಿಕೊಳ್ಳುತ್ತಿತ್ತು, ಏನೂ ಇಲ್ಲದ ಕೈಯಂತೆ, ಅಷ್ಟು ಸಲೀಸಾಗಿ. ಕಣ್ಣು ಇವರ ಮುಖಕ್ಕೆ ಬರುತ್ತಿತ್ತು. ಇವತ್ತು ಯಾರನ್ನ ಹಿಡಿದ್ರಿ? ಮತ್ತು ಹದ್ದು ಮೇಷ್ಟ್ರು, ಊರಿಗೆ ಊರೇ ಹೆದರುವ ಆ ಕಣ್ಣನ್ನು ಅವಳ ಮುಖದ ಮೇಲೆ ನೆಟ್ಟು, ಕಾಲುಚೀಲದೊಳಗೆ ಚೀಟಿ ಇಟ್ಟವನ ಕತೆಯನ್ನು ಹಾವಭಾವ ಸಮೇತ ಹೇಳುತ್ತಿದ್ದರು. ಹೇಗೆ ಪತ್ತೆಹಚ್ಚಿದೆ ಗೊತ್ತಾ? ಅವನು ಕಾಲನ್ನು ಮರೆತಂತೆ ಕೂತಿದ್ದ. ಮರೆತಂತೆ ಕೂರೋದೇ ಗುರುತು, ತಿಳೀತಾ? ತಿಳೀತು ಎಂದು ಅವಳು ತಲೆಯಾಡಿಸುತ್ತಿದ್ದಳು. ಒಳ್ಳೆಯ ವಿದ್ಯಾರ್ಥಿನಿ. ಎಷ್ಟೋ ತಿಂಗಳು ಅವಳು ಅಷ್ಟು ದೊಡ್ಡ ನೋವನ್ನು ಅದೇ ಅಡುಗೆಮನೆಯಲ್ಲಿ, ಅವರ ಕಣ್ಣೆದುರಿಗೇ ಬಚ್ಚಿಟ್ಟಳು. ಹದ್ದಿಗೆ ಕಂಡದ್ದು ಕಾಲುಚೀಲ.

ಭಾವಮೈದ ಹೇಳಿದ ಹೊತ್ತಿಗಿಂತ ತಡವಾಗಿ ಬಂದ. ಕೂದಲಿಗೆ ಕಪ್ಪು ಹಚ್ಚುವುದನ್ನು ಬಿಟ್ಟಿದ್ದ. ಬಾಗಿಲಲ್ಲಿ ಮೇಷ್ಟ್ರಿಗೆ ಒಂದು ಕ್ಷಣ ಬೇರೆ ಯಾರೋ ಅನ್ನಿಸಿತು.

“ಚೆನ್ನಾಗಿದೀರಾ ಭಾವ?”

“ಇದೀನಪ್ಪ. ಅಂಗಡಿ ಹೇಗಿದೆ?”

“ಇದೆ.”

ಇಬ್ಬರ ಹತ್ತಿರವೂ ಇದ್ದ ಮಾತು ಅಲ್ಲಿಗೆ ಖರ್ಚಾಯಿತು. ಊಟದ ಮೇಜಿನಲ್ಲಿ ಅಳಿಯ ತನ್ನ ಆಫೀಸಿನ ಲಿಫ್ಟು ಕೆಟ್ಟದ್ದನ್ನು ವಿಸ್ತಾರವಾಗಿ ಹೇಳಿ ಎಲ್ಲರ ಮಾನ ಕಾಪಾಡಿದ. ಭಾವಮೈದ ಕಿವಿಯಿಂದ ಏನನ್ನೂ ತೆಗೆಯಲಿಲ್ಲ. ತಟ್ಟೆ ನೋಡಿಕೊಂಡು ಉಂಡ. ಕೈ ತೊಳೆದುಕೊಂಡು ಬಂದು, ಗಡಿಯಾರ ನೋಡಿ, “ಹೊರಡ್ತೀನಮ್ಮ,” ಎಂದ ಮಗಳಿಗೆ.

“ಇಷ್ಟು ಬೇಗ ಏನು ಮಾಮ? ಟೀ ಇಡ್ತೀನಿ.”

“ಇಲ್ಲಮ್ಮ, ಇನ್ನೊಂದು ಸಲ ಬರ್ತೀನಿ.”

ಈ ‘ಇನ್ನೊಂದು ಸಲ’ ಎಂಥದೆಂದು ಮೇಷ್ಟ್ರಿಗೆ ಗೊತ್ತಿತ್ತು. ಮುಂದಿನ ವರ್ಷ ಓದಿ ಬರೀತೀನಿ ಸಾರ್ ಎಂದು ಹೋದ ಮಕ್ಕಳು ಮತ್ತೆ ಶಾಲೆಯ ಕಡೆ ತಲೆಹಾಕುತ್ತಿರಲಿಲ್ಲ.

“ಕೂತ್ಕೋ,” ಎಂದರು. ಅದು ಮನೆಯ ದನಿಯಾಗಿ ಬರಲಿಲ್ಲ, ಪರೀಕ್ಷಾ ಕೊಠಡಿಯ ದನಿಯಾಗಿ ಬಂತು. ಭಾವಮೈದ ಕೂತುಬಿಟ್ಟ. ಅಳಿಯನೂ ಕೂತ. “ನಿನಗೊಂದು ತೋರಿಸ್ಬೇಕು.”

ಜೇಬಿನಿಂದ ನಾಣ್ಯ ತೆಗೆದು ಬೆರಳ ತುದಿಯಲ್ಲಿ ಹಿಡಿದರು. ಅಳಿಯ ಮಗಳ ಕಡೆ ನೋಡಿದ, ಡಾಕ್ಟರಿಗೆ ಫೋನು ಮಾಡಲೋ ಎಂಬಂತೆ. ಮೇಷ್ಟ್ರು ಬಲಗೈಯಿಂದ ಎಡಗೈಗೆ ಕೊಟ್ಟರು, ಕೊಡಲಿಲ್ಲ. ಎಡಗೈ ಮುಷ್ಟಿ ಕಟ್ಟಿತು. ನಾಣ್ಯ ಅಂಗೈಗೆ ಅಂಟಿ ನಿಂತಿತು, ನಿಂತೇ ಇತ್ತು. ಈಗ ಮುಖ ನೋಡಿ ಏನಾದರೂ ಕೇಳಬೇಕು, ಏನು ಕೇಳುವುದು, ಅವನಿಗೆ ಇಷ್ಟವಾದದ್ದು ಏನು, ಇಷ್ಟು ವರ್ಷದಲ್ಲಿ ತಿಳಿದುಕೊಂಡಿದ್ದೇ ಇಲ್ಲವಲ್ಲ ಎಂದು ಹುಡುಕುತ್ತಿರುವಾಗಲೇ ಕಣ್ಣು ಜಾರಿತು. ಹೋಗಿ ಬಲಗೈಯ ಮೇಲೆ ಕೂತಿತು. ತಾವು ಸಿಕ್ಕಿಬಿದ್ದದ್ದು ಮೇಷ್ಟ್ರಿಗೇ ಮೊದಲು ಗೊತ್ತಾಯಿತು.

ಕನ್ನಡಕದವನಿಗೆ ಕಾಣದೆ ಇರಲು ಸಾಧ್ಯವೇ ಇರಲಿಲ್ಲ. ಹೆಬ್ಬೆರಳ ಸಂದಿಯಲ್ಲಿ ಅಂಚು ಮಿನುಗುತ್ತಿತ್ತು. ಆದರೆ ಅವನು ಮುಂದಕ್ಕೆ ಬಾಗಿ ಎಡ ಮುಷ್ಟಿಯ ಹತ್ತಿರ ಮುಖ ತಂದ. ಅದನ್ನೇ ನೋಡಿದ. ಹುಬ್ಬೇರಿಸಿ, ಮುಷ್ಟಿಯ ಮೇಲೆ ಉಫ್ ಎಂದು ಊದಿದ. “ಬಿಚ್ಚಿ ಭಾವ, ನೋಡೋಣ.”

“ಬಲಗೈಲಿದೆ,” ಎಂದಳು ಮಗಳು, ತಟ್ಟೆ ಜೋಡಿಸುತ್ತ, ತಲೆಯೆತ್ತದೆ.

ದನಿ ಅಪ್ಪನದೇ. ಏರಿಳಿತವಿಲ್ಲದ, ಸರಿಯಾದ ದನಿ.

“ಗೊತ್ತಿದ್ರೂ ಸುಮ್ನಿರಕ್ಕಾಗಲ್ವೇನೇ ನಿನಗೆ?” ಭಾವಮೈದ ತಟ್ಟನೆ ತಿರುಗಿ ಗದರಿದ. ಆ ಮಾತು ಯಾರದೆಂದು ಮೇಜಿನ ಸುತ್ತ ಎಲ್ಲರಿಗೂ ಕೇಳಿಸಿತ್ತು. ಮಗಳು ತಟ್ಟೆಗಳನ್ನು ಹಿಡಿದುಕೊಂಡು ಅಲ್ಲೇ ನಿಂತಳು. ಮೇಷ್ಟ್ರ ಅಂಗೈ ಸಡಿಲವಾಗಿ ನಾಣ್ಯ ಮೇಜಿನ ಮೇಲೆ ಬಿತ್ತು, ಉರುಳಿ ಭಾವಮೈದನ ಮುಂದೆ ಹೋಗಿ ಮಲಗಿತು. ಅವನು ಅದನ್ನು ಎತ್ತಿಕೊಂಡು ಅಂಚಿನ ಸುತ್ತ ಹೆಬ್ಬೆರಳು ಆಡಿಸಿದ. ಇನ್ನೊಂದು ಸಲ ಆಡಿಸಿದ.

“ಇದು ಎಲ್ಲಿ ಸಿಕ್ತು ಭಾವ?”

“ಅವಳ ಗುಂಡಿ ಡಬ್ಬೀಲಿ.”

“ಇಟ್ಕೊಂಡಿದ್ಲಾ ಇದನ್ನ!” ಅವನ ಮುಖದಲ್ಲಿ ಏನೋ ಕುಸಿಯಿತು. “ಇದರಲ್ಲೇ ಅಲ್ವಾ ಅವಳು ನಂಗೆ ಕಲಿಸಿದ್ದು.”

“ಯಾರು?”

“ಅಕ್ಕ. ನಂಗೆ ಇದೆಲ್ಲ ಮತ್ತೆ ಎಲ್ಲಿಂದ ಬಂತು ಅಂದ್ಕೊಂಡ್ರಿ? ಶಾಲೆಗೆ ಹೋಗ್ತಾ ಬರ್ತಾ ದಾರಿಯುದ್ದಕ್ಕೂ ಅವಳ ಕೈಯಲ್ಲಿ ಇದೇ. ಗೀರೆಲ್ಲ ಸವೆದುಹೋಯ್ತು ನೋಡಿ. ನಾನು ಅವಳ ಕಾಲ್ಧೂಳಿಗೂ ಸಮ ಇಲ್ಲ ಭಾವ. ಅವಳ ಕೈಯಲ್ಲಿ ನಾಣ್ಯ ಇದ್ರೆ, ಇದೆ ಅಂತ ಅವಳ ಕೈಗೇ ಗೊತ್ತಾಗ್ತಿರಲಿಲ್ಲ.”

“ನನಗೆ ಒಂದು ದಿನಾನೂ ತೋರಿಸ್ಲಿಲ್ಲ.”

“ಹೇಗೆ ತೋರಿಸ್ತಾಳೆ? ನಿಮ್ಮ ಮದುವೆಯಾದ ಹೊಸದರಲ್ಲಿ ನಾನು ನಿಮ್ಮ ಮುಂದೆ ಮಾಡ್ದೆ, ಅವಳೇ ಮಾಡು ಅಂದಿದ್ಲು, ಹೇಗೆ ತಗೋತೀರ ನೋಡೋಣ ಅಂತ. ನೀವು ಅಂದ್ರಲ್ಲ.” ಅವನು ಆ ಮಾತನ್ನು ಹೇಳಲಿಲ್ಲ. “ಅವತ್ತೇ ಡಬ್ಬಿಗೆ ಹಾಕಿರ್ಬೇಕು.”

ಮೇಷ್ಟ್ರು ಕೇಳಿದರು: “ಹಾಗಾದ್ರೆ ಎಲ್ಲಾ ಗೊತ್ತಿದ್ದೂ ನಗ್ತಿದ್ಲಾ?”

“ಮತ್ತೆ? ನಾನೆಲ್ಲಿ ತಪ್ಪು ಮಾಡ್ತೀನಿ ಅಂತ ಕಾಯ್ತಿದ್ಲು ಭಾವ. ತಪ್ಪು ಮಾಡಿದ್ರೆ ಇನ್ನೂ ಜೋರಾಗಿ ನಗೋಳು. ಆಸ್ಪತ್ರೇಲಿ ನಂದು ತಪ್ಪೇ ಆಗಿತ್ತು. ಕೈ ನಡುಗ್ತಿತ್ತು ನಂಗೆ.”

ಮೇಷ್ಟ್ರು ಮೇಜಿನ ಮೇಲಿನ ನೀರಿನ ಲೋಟವನ್ನು ಒಂದಿಷ್ಟು ಈಚೆ ಸರಿಸಿ, ಮತ್ತೆ ಇದ್ದಲ್ಲಿಗೇ ಇಟ್ಟರು. “ನೋವಿನ ವಿಷಯ… ಅವಳು ನಿನಗಾದ್ರೂ ಮೊದಲೇ…”

“ಇಲ್ಲ.” ಅವನು ತಲೆಯಾಡಿಸಿದ. “ನಂಗೂ ಹೇಳ್ಲಿಲ್ಲ. ಬಂದಾಗೆಲ್ಲ ಅಂಗಡೀಲಿ ಯಾರ ಕಿವಿಯಿಂದ ತೆಗ್ದೆ ಇವತ್ತು ಅಂತ ಕೇಳೋಳು. ನಾನು ಹೇಳ್ತಾ ಕೂರ್ತಿದ್ದೆ. ಊರೋರಿಗೆಲ್ಲ ಕಣ್ಣು ಸರಿಮಾಡಿ ಕೊಡೋನು ನಾನು.”

ಅಳಿಯನಿಗೂ ಲಿಫ್ಟಿನ ನೆನಪು ಬರಲಿಲ್ಲ. ಮೇಷ್ಟ್ರು ನಾಣ್ಯದ ಕಡೆ ಗದ್ದ ತೋರಿಸಿದರು.

“ಮಾಡು,” ಎಂದರು. ಆಮೇಲೆ, ಆ ದನಿ ಸರಿಯಿಲ್ಲವೆಂದು ತಮಗೇ ಅನ್ನಿಸಿ, “ಮಾಡಪ್ಪ. ನೋಡ್ತೀನಿ,” ಎಂದರು.

ಅವನು ತೋಳು ಮಡಿಸಿಕೊಂಡ. ಹಳೆಯ ಶೋಕಿ ಏನೂ ಇರಲಿಲ್ಲ. ನಾಣ್ಯವನ್ನು ಬೆರಳ ತುದಿಯಲ್ಲಿ ಎತ್ತಿ ತೋರಿಸಿ, ಬಲಗೈಯಿಂದ ಎಡಗೈಗೆ ಕೊಟ್ಟ. ಎಡಗೈ ಮುಷ್ಟಿ ಕಟ್ಟಿ ಮೇಲೆದ್ದಿತು. ಬಲಗೈ ಮೇಜಿನ ಅಂಚಿಗೆ ಇಳಿದು, ಏನೂ ಇಲ್ಲದ ಕೈಯಂತೆ, ಬೆರಳು ಸಡಿಲ ಬಿಟ್ಟುಕೊಂಡು ಕೂತಿತು. ಮೇಷ್ಟ್ರ ಕಣ್ಣು ಆ ಕಡೆಗೆ ಎಳೆಯಿತು. ಹಗ್ಗ ಹಾಕಿ ಎಳೆದಂತೆ ಎಳೆಯಿತು. ಅವರು ಎರಡೂ ಕೈಯಿಂದ ಕುರ್ಚಿಯ ಅಂಚು ಹಿಡಿದುಕೊಂಡು, ದೃಷ್ಟಿಯನ್ನು ಎಡ ಮುಷ್ಟಿಯ ಮೇಲೆ ಇಟ್ಟರು. ಕಿರುಬೆರಳ ಉಗುರು, ಅದರ ಪಕ್ಕದ ಬೆರಳಲ್ಲಿ ಉಂಗುರದ ಬಿಳಿ ಗುರುತು, ಮಣಿಕಟ್ಟಿನ ಮೇಲೆ ಹೊರಳಿದ ಒಂದು ನರೆಗೂದಲು. ಅಕ್ಕನ ಕೈಯದೇ ಗಿಣ್ಣುಗಳು. ಇದನ್ನೂ ಇಷ್ಟು ವರ್ಷ ನೋಡಿರಲಿಲ್ಲ. ಮಗಳು ಏನೋ ಹೇಳಲು ಹೊರಟಳು.

“ಸುಮ್ನಿರು,” ಎಂದರು ಮೇಷ್ಟ್ರು, ಮುಷ್ಟಿಯಿಂದ ಕಣ್ಣು ತೆಗೆಯದ ಹಾಗೆ.

ಮುಷ್ಟಿ ಒಂದೊಂದೇ ಬೆರಳಾಗಿ ತೆರೆಯಿತು. ಒಳಗೆ ಏನೂ ಇರಲಿಲ್ಲ. ಗೆರೆಗಳಿದ್ದ ಒಂದು ಬರಿಯ ಅಂಗೈ. ಈಗ ನಗಬೇಕು, ಅವಳಿಗೋಸ್ಕರವಾದರೂ ಒಂದು ಸಲ ನಗಬೇಕು ಎಂದು ಮೇಷ್ಟ್ರು ಬಾಯಿ ತೆರೆದರು. ನಗು ಬರಲಿಲ್ಲ.

“ಎಲ್ಲಿ ಹೋಯ್ತೋ?” ಎಂದರು.

ಕೇಳಿದ ರೀತಿಗೆ ಭಾವಮೈದ ತನ್ನ ಬಲಗೈಯನ್ನು ಮೆಲ್ಲಗೆ ಮೇಜಿನ ಕೆಳಕ್ಕೆ ಇಳಿಸಿಕೊಂಡ.

“ಗೊತ್ತಿಲ್ಲ ಭಾವ,” ಎಂದ. ಖಾಲಿ ಅಂಗೈಯನ್ನು ಹಾಗೇ ಚಾಚಿ ಹಿಡಿದಿದ್ದ, ಅವರು ನೋಡುವಷ್ಟು ಹೊತ್ತು ನೋಡಲಿ ಎಂದು.